ಲಂಡನ್ ಗಡಿಯಾರ, ಎಕಂಬಾದ ಕುಂಡಲಿ

ಬೀದರಿನ ಹಳೆಯ ಬಸ್ ನಿಲ್ದಾಣದ ಮಗ್ಗುಲಲ್ಲಿ, ಚಪ್ಪಲಿ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಕೈ ಚಾಚಿ ಆಕಳಿಸಿದರೆ ಎರಡೂ ಗೋಡೆ ಮುಟ್ಟುವಷ್ಟು ವಿಶಾಲವಾದ ಒಂದು ಸಾಮ್ರಾಜ್ಯವಿದೆ. ಬೋರ್ಡಿನ ಮೇಲೆ ‘ಝೆರಾಕ್ಸ್, ಲ್ಯಾಮಿನೇಶನ್, ಕಂಪ್ಯೂಟರ್ ಕುಂಡಲಿ’ ಎಂದಿದೆ. ಅದರ ಸಾರ್ವಭೌಮ ಗೋರಖನಾಥ.

ಸಾರ್ವಭೌಮನಿಗೆ ಎಲ್ಲದರ ಭಯ. ಅಂಗಡಿಗೆ ಬೀಗ ಹಾಕಿ ಎಳೆದು ನೋಡುತ್ತಾನೆ. ಸ್ವಲ್ಪ ದೂರ ಹೋಗಿ ಮರಳಿ ಬಂದು ಮತ್ತೆ ಎಳೆದು ನೋಡುತ್ತಾನೆ. ಮನೆ ಮುಟ್ಟಿದ ಮೇಲೆ ಮೊಬೈಲ್ ರಿಪೇರಿಯವನಿಗೆ ಫೋನ್ ಮಾಡಿ ಅವನ ಕೈಯಿಂದಲೂ ಒಮ್ಮೆ ಎಳೆಸುತ್ತಾನೆ. ಯಾರದೋ ಆಧಾರ್ ಕಾರ್ಡಿನ ಝೆರಾಕ್ಸ್ ಕೊಂಚ ಕಪ್ಪಾಗಿ ಬಂದರೆ, ಆ ಮನುಷ್ಯನ ರೇಶನ್ ನಿಂತು ಅವನ ಮಕ್ಕಳು ಉಪವಾಸ ಬೀಳುವ ದೃಶ್ಯ ಇವನ ಕಣ್ಣಿಗೆ ಕಟ್ಟುತ್ತದೆ.

ಇಂಥವನು ಊರಿನ ಜನರ ಗ್ರಹಗತಿಯನ್ನು ಪ್ರಿಂಟ್ ಹಾಕಿ ಕೊಡುವ ಕೆಲಸಕ್ಕೆ ಇಳಿದದ್ದೇ ಒಂದು ವಿಚಿತ್ರ. ಅದರ ಮೇಲೆ ಅವನಿಗೆ ಕುಂಡಲಿಯಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಅವನದು ಅಪ್ಪನ ಕಾಲಕ್ಕೇ ಬೌದ್ಧರಾದ ಮನೆತನ. ಅಪ್ಪ ದೀಕ್ಷೆ ತೆಗೆದುಕೊಂಡು ಬಂದವರೇ ಮನೆಯ ಪಂಚಾಂಗವನ್ನು ಒಲೆಗೆ ಹಾಕಿ, ಆ ಉರಿಯಲ್ಲಿ ಚಹಾ ಕಾಯಿಸಿ ಓಣಿಗೆಲ್ಲ ಕುಡಿಸಿದ್ದರು. ಹೆಂಡತಿ ಶಾಲುಬಾಯಿ ಆಗಾಗ ಅದನ್ನು ನೆನಪಿಸುತ್ತಿದ್ದಳು.

“ಮಾವನೋರು ಸುಟ್ಟಿದ್ದು ನೀವ ಮತ್ತ ಪ್ರಿಂಟ್ ಹಾಕ್ಲತ್ತೀರಲ್ರೀ?”

“ನಾ ಎಲ್ಲಿ ಹಾಕ್ತೇನಿ? ಕಂಪ್ಯೂಟರ್ ಹಾಕ್ತದ. ನಾ ಬರೇ ಗುಂಡಿ ಒತ್ತಾಂವ.”

ಆ ಕಂಪ್ಯೂಟರಿನಲ್ಲಿ ‘ನಕ್ಷತ್ರಮಿತ್ರ’ ಎಂಬ ಪುರಾತನ ಪ್ರೋಗ್ರಾಮ್ ಇತ್ತು. ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಹನ್ನೆರಡು ಮನೆಗಳ ಕುಂಡಲಿ, ಯಾವ ಮನೆಯಲ್ಲಿ ಯಾವ ಗ್ರಹ ಎಂಬ ವಿವರ, ಕೆಳಗೆ ಒಂದು ಗಣಪತಿಯ ಚಿತ್ರ. ಅದನ್ನು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿಕೊಂಡು ಹೋಗಿತ್ತು. ಹಳೆಯ ವಿಂಡೋಸ್ ಇದ್ದ ಅಷ್ಟೇ ಹಳೆಯ ಡಬ್ಬಿಯಲ್ಲಿ ಪ್ರೋಗ್ರಾಮ್ ಮಾತ್ರ ಗಟ್ಟಿಯಾಗಿ ಓಡುತ್ತಿತ್ತು.

ಎರಡು ಸಾವಿರದ ಹದಿನಾರರ ಬೇಸಿಗೆ ಬಂತು. ಮಳೆ ಕೈಕೊಟ್ಟು ಎರಡನೇ ವರ್ಷ. ಮಾಂಜ್ರಾ ಹೊಳೆಯ ಪಾತ್ರದಲ್ಲಿ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೊರಟಿದ್ದರು. ಹೊರಡುವ ಮೊದಲು ಮಕ್ಕಳ ಮದುವೆ ಮುಗಿಸಿಬಿಡೋಣ ಎಂದು ಮನೆಮನೆಯಲ್ಲೂ ಅವಸರ. ಹೀಗಾಗಿ ಇಡೀ ಜಿಲ್ಲೆ ಒಣಗುತ್ತಿದ್ದಾಗ ಗೋರಖನಾಥನ ಅಂಗಡಿಯಲ್ಲಿ ಮಾತ್ರ ಕುಂಡಲಿಯ ಸುಗ್ಗಿ. ಅಂಥ ಸುಗ್ಗಿಯ ನಡುವೆ, ಕರೆಂಟು ಹೋಗಿ ಬಂದು ಹೋಗಿ ಬಂದು, ಹಳೆಯ ಡಬ್ಬಿ ಒಂದು ಮಧ್ಯಾಹ್ನ ಹೊಗೆಯಾಡಿ ವೀರಮರಣ ಹೊಂದಿತು.

ಊರ ಹೊರಗಿನ ಕೊಳಾರದ ಕಾರ್ಖಾನೆಗಳಿಗೆ ಕಂಪ್ಯೂಟರ್ ರಿಪೇರಿ ಮಾಡುವ ಅಯ್ಯುಬ ಗೋರಖನಾಥನ ಬಾಲ್ಯದ ಗೆಳೆಯ. ಅವನು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ಮೇಜಿನ ಮೇಲಿಟ್ಟು ಘೋಷಿಸಿದ: “ಗೋರಖಭಾಯ್, ಇದರಾಗ ಹಳೇ ವಿಂಡೋಸ್ ಕೂಡಂಗಿಲ್ಲ. ಹೊಸಾದು ಕೂಡಿಸಿದ್ರ ನಿಮ್ಮ ನಕ್ಷತ್ರಮಿತ್ರ ಓಡಂಗಿಲ್ಲ. ಲಿನಕ್ಸ್ ಹಾಕೀನಿ. ಅದರ ಮ್ಯಾಲ ವೈನ್ ಅಂತ ಒಂದು ಹಾಕೀನಿ.”

“ವೈನ್ ಅಂದ್ರ?”

“ದುಭಾಷಿ ಇದ್ದಂಗ. ನಕ್ಷತ್ರಮಿತ್ರ ವಿಂಡೋಸಿನ ಮಾತಾಡ್ತದ. ಲಿನಕ್ಸಿಗಿ ಅದು ತಿಳಿಯಂಗಿಲ್ಲ. ವೈನ್ ನಡುವ ನಿಂತು ಈಕಡಿದು ಆಕಡಿ ಹೇಳ್ತದ.”

ದುಭಾಷಿ ಬಲು ಒರಟಾಗಿತ್ತು. ಮೊದಲ ದಿನ ಕನ್ನಡ ಅಕ್ಷರಗಳೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಬಂದವು. ಬೀದರ ಜಿಲ್ಲೆಯ ಸಮಸ್ತ ವಧುವರರ ಭವಿಷ್ಯ ಖಾಲಿ ಡಬ್ಬಿಗಳಲ್ಲಿ ತುಂಬಿಕೊಂಡು ನಿಂತಿತ್ತು. ಅಯ್ಯುಬ ಅಕ್ಷರ ಸರಿಮಾಡಿದರೆ ಪ್ರಿಂಟರ್ ಮುನಿಸಿಕೊಂಡಿತು. ಪ್ರಿಂಟರನ್ನು ಒಲಿಸಿದರೆ ಗಣಪತಿ ತಲೆಕೆಳಗಾದ. ಗಣಪತಿಯನ್ನು ನೆಟ್ಟಗೆ ನಿಲ್ಲಿಸಿದರೆ ಹನ್ನೆರಡನೇ ಮನೆ ಕಾಗದದಿಂದ ಹೊರಗೆ ಬಿತ್ತು. ಬೀದರಿನ ಕೋಟೆಗೆ ಮುತ್ತಿಗೆ ಹಾಕಿದವರಾದರೂ ನಡುನಡುವೆ ಊಟಕ್ಕೆ ಏಳುತ್ತಿದ್ದರೇನೋ, ಇವರಿಬ್ಬರೂ ಏಳಲಿಲ್ಲ. “ವೈನ್ ಇವತ್ತರ ಬರೋಬ್ಬರಿ ಆಯ್ತೇನು?” ಎಂದು ಗಂಡ ಫೋನಿನಲ್ಲಿ ಕೇಳುವುದನ್ನು ಕೇಳಿ ಶಾಲುಬಾಯಿ ಅವನ ಬಾಯಿ ಮೂಸಿ ನೋಡಿದ್ದೂ ಉಂಟು.

ಕಡೆಗೆ ಕೋಟೆ ಬಿತ್ತು. ಕುಂಡಲಿ ಮೊದಲಿನಂತೆಯೇ ಚೆಂದವಾಗಿ ಬರತೊಡಗಿತು. ಸುಗ್ಗಿ ಮುಂದುವರಿಯಿತು.

ಆ ದಿನಗಳಲ್ಲಿ ಕುಂಡಲಿ ತೆಗೆಸಿದವರಲ್ಲಿ ಅಂಜನಾ ಒಬ್ಬಳು. ಔರಾದ ತಾಲೂಕಿನ ಎಕಂಬಾದವಳು. ಕೊಳಾರದ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಬೀದರಿನಲ್ಲಿ ಗೆಳತಿಯರೊಂದಿಗೆ ಖೋಲಿ ಮಾಡಿಕೊಂಡಿದ್ದು, ಭಾನುವಾರ ಊರಿಗೆ ಹೋಗುತ್ತಿದ್ದಳು. ಅಪ್ಪ, ಅಣ್ಣ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅದೇ ಗೋದಾಮಿಗೆ ಟೆಂಪೋ ಓಡಿಸುತ್ತಿದ್ದ ಭಾಲ್ಕಿಯ ಪಂಢರಿಗೂ ಇವಳಿಗೂ ಮನಸ್ಸು ಕೂಡಿತ್ತು. ಹಿರಿಯರಿಗೆ ಅದು ತಿಳಿಯದಂತೆ ಒಬ್ಬ ಸೋದರತ್ತೆಯ ಕಡೆಯಿಂದ ಸಂಬಂಧದ ಮಾತು ಎತ್ತಿಸಿದ್ದರು. ನಡುವೆ ನಿಂತಿದ್ದದ್ದು ಕುಂಡಲಿ ಒಂದೇ. ಒಂದು ವಾರದ ಮೇಲೆ ಅವಳು ಪೇಡೆ ತಂದು ಗೋರಖನಾಥನ ಕೈಗಿಟ್ಟು, “ಕೂಡಿ ಬಂತ್ರಿ ಕಾಕಾ. ಕುಂಡಲಿ ನೋಡೂ ಭಾಲ್ಕಿ ಜೋಶಿಯವರು ಒಪ್ಪಿದ್ರು. ಅಪ್ಪ ಬಂದ ಕೂಡ್ಲೆ ಲಗ್ನ,” ಎಂದಳು. ಗೋರಖನಾಥ ಪೇಡೆ ತಿಂದ.

ಪೇಡೆ ಕರಗುವ ಮೊದಲೇ ಎಂಬಂತೆ ಬಗದಲ್‌ನ ಮಾಸ್ತರ ವೈಜಿನಾಥ ಬಂದ. ಅವನ ಮಗನ ಹಳೆಯ ಕುಂಡಲಿಯ ಅಂಚನ್ನು ಇಲಿ ತಿಂದಿತ್ತು, ಹೊಸದೊಂದು ಬೇಕಿತ್ತು. ಗೋರಖನಾಥ ತೆಗೆದುಕೊಟ್ಟ. ಮಾಸ್ತರ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ.

“ಇವೆರಡೂ ನಿಮ್ಮ ಅಂಗಡೀವೇ ಅಲ್ಲೇನ್ರಿ?”

“ಹೌದ್ರಿ.”

“ನನ್ನ ಮಗ ಹೊತ್ತು ಹುಟ್ಟೂ ಮುಂದ ಹುಟ್ಯಾನ. ಹಳೇದ್ರಾಗ ಸೂರ್ಯ ಒಂದನೇ ಮನ್ಯಾಗ ಅದಾನ, ಬರೋಬ್ಬರಿ ಅದ. ಹೊಸಾದ್ರಾಗ ಹತ್ತನೇ ಮನಿಗಿ ಹೋಗಿ ಕುಂತಾನ. ನಡುಮಧ್ಯಾಹ್ನ ಹುಟ್ಟಿದಂಗ ಆಯ್ತಲ್ರಿ. ಎದ್ದು ಹೋಗ್ಲಿಕ್ಕೆ ಸೂರ್ಯಗೂ ಬರ ಬಿತ್ತೇನು?”

ಗೋರಖನಾಥ ಅಯ್ಯುಬನಿಗೆ ಫೋನ್ ಹಚ್ಚಿದ. ಅಯ್ಯುಬ ಓಡಿ ಬಂದ, ಕರಿ ಪರದೆಯ ಮೇಲೆ ಏನೇನೋ ಬಡಿದ, ಆಮೇಲೆ ಮೆಲ್ಲಗೆ ಬೆನ್ನು ಹಿಂದಕ್ಕೆ ಆನಿಸಿದ.

“ಭಾಯ್, ಸಿಟ್ಟಾಗಬ್ಯಾಡ್ರಿ. ಲಿನಕ್ಸ್ ಹಾಕೂ ಮುಂದ ಅದು ನಿಮ್ಮೂರು ಯಾವುದು ಅಂತ ಕೇಳ್ತದ. ಲಿಸ್ಟಿನಾಗ ಬೀದರ ಹುಡುಕಿದೆ, ಇಲ್ಲ. ಹೈದರಾಬಾದ್ ಹುಡುಕಿದೆ, ಇಲ್ಲ. ಇಡೀ ಹಿಂದೂಸ್ತಾನಕ್ಕ ಒಂದೇ ಊರು ಇಟ್ಟಾರ, ಕೋಲ್ಕತ್ತಾ. ನಮಗೂ ಕೋಲ್ಕತ್ತಾಕ್ಕೂ ಏನು ಸಂಬಂಧ? ಯಾವುದಾದ್ರೂ ಆಗಲಿ ಅಂತ ಲಂಡನ್ ಒತ್ತಿ, ಗಡಿಯಾರ ಕೈಲೇ ತಿರುವಿ ಸರಿ ಮಾಡಿದೆ. ಗಡಿಯಾರ ಬರೋಬ್ಬರಿ ಅದ ನೋಡ್ರಿ.”

ಗಡಿಯಾರ ಬರೋಬ್ಬರಿ ಇತ್ತು. ಆದರೆ ‘ನಾವು ಯಾವ ದೇಶದಲ್ಲಿದ್ದೇವೆ?’ ಎಂದು ನಕ್ಷತ್ರಮಿತ್ರ ಒಳಗೊಳಗೇ ಕೇಳಿದಾಗಲೆಲ್ಲ ದುಭಾಷಿ ನಿಷ್ಠೆಯಿಂದ ‘ಲಂಡನ್ನಿನಲ್ಲಿ, ಸಾಹೇಬ್’ ಎಂದು ಉತ್ತರಿಸುತ್ತಿತ್ತು. ಬೀದರಿನ ಬೆಳಗಿನ ಆರು ಗಂಟೆಯನ್ನು ಲಂಡನ್ನಿನ ಆರು ಗಂಟೆ ಎಂದು ಹಿಡಿದು, ಹೊಸ ಕಂಪ್ಯೂಟರಿನಲ್ಲಿ ಕುಂಡಲಿ ತೆಗೆಸಿದವರನ್ನೆಲ್ಲ ಅದು ಐದೂವರೆ ತಾಸು ತಡವಾಗಿ ಹುಟ್ಟಿಸಿತ್ತು.

ಅಯ್ಯುಬ ಬೈದುಕೊಳ್ಳುತ್ತ ಕೋಲ್ಕತ್ತಾ ಒತ್ತಿದ. ದುಭಾಷಿ ಹಟ ಹಿಡಿದು ಲಂಡನ್ ಎನ್ನುತ್ತಲೇ ಇತ್ತು. ವಾರವಿಡೀ ಗುದ್ದಾಡಿ ಅದರ ಹೊಟ್ಟೆಯೊಳಗೆ ಕೈಹಾಕಿ ಕೋಲ್ಕತ್ತಾವನ್ನು ಮೊಳೆ ಹೊಡೆದು ಕೂಡಿಸಬೇಕಾಯಿತು. ಗೋರಖನಾಥ ನೆನಪಿದ್ದ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಕರೆಸಿ, ಹೊಸ ಕುಂಡಲಿ ಕೊಟ್ಟ. ಹೆಚ್ಚಿನವರಿಗೆ ಏನೂ ಬಾಧಕವಾಗಿರಲಿಲ್ಲ. ಕಡೆಗೆ, ಅಂಜುತ್ತಂಜುತ್ತ, ಅಂಜನಾಳದನ್ನು ತೆಗೆದ. ಜೋಶಿಯವರು ಒಪ್ಪಿದ ಕಾಗದದಲ್ಲಿ ಐದನೇ ಮನೆಯಲ್ಲಿ ಸಾಧುವಿನಂತೆ ಕುಳಿತಿದ್ದ ಮಂಗಳ, ಎಂಟನೇ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ. ಎಂಟನೇ ಮನೆಯ ಮಂಗಳ ಅಂದರೆ ಮಂಗಳ ದೋಷ. ಗಂಡನಿಗೆ ಕೇಡು ಎಂದು ಜನ ಅಂಥ ಹೆಣ್ಣನ್ನು ಬಿಟ್ಟು ಓಡುತ್ತಾರೆ.

ಹೇಳಿದರೆ ಹುಡುಗಿಯ ಲಗ್ನ ಮುರಿಯುತ್ತದೆ. ಹೇಳದಿದ್ದರೆ, ನಂಬುವ ಜನಕ್ಕೆ ಸುಳ್ಳು ಕಾಗದ ಕೊಟ್ಟು ಬಾಯಿ ಮುಚ್ಚಿಕೊಂಡಂತಾಯಿತು. ತಾನು ನಂಬುವುದಿಲ್ಲ ಎಂಬುದು ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಊಟ ಸೇರಲಿಲ್ಲ. ಶಾಲುಬಾಯಿ ಮತ್ತೊಮ್ಮೆ ಬಾಯಿ ಮೂಸಿದಳು. ಆ ಭಾನುವಾರ ಗೋರಖನಾಥ ಹೊಸ ಕುಂಡಲಿಯನ್ನು ಅಂಗಿಯೊಳಗೆ ಇಟ್ಟುಕೊಂಡು, ದಂಡಯಾತ್ರೆಗೆ ಹೊರಟವನಂತೆ, ಔರಾದದ ಬಸ್ ಹತ್ತಿದ.

ಎಕಂಬಾದಲ್ಲಿ ಟ್ಯಾಂಕರ್ ಬಂದಿತ್ತು. ಊರಿಗೆ ಊರೇ ಕೊಡ ಹಿಡಿದು ಜಗಳಾಡುತ್ತಿತ್ತು. ಆ ಗದ್ದಲದ ನಡುವಿನಿಂದ ಅಂಜನಾ ಕೊಡ ಹೊತ್ತು ಹೊರಬಂದವಳು ಇವನನ್ನು ಕಂಡು ನಿಂತಳು.

“ಕಾಕಾ! ನೀವಿಲ್ಲಿ ಹ್ಯಾಂಗ್ರೀ?”

“ಅವ್ವಾ ಅಂಜನಾ, ತಪ್ಪಾಗ್ಯಾದ. ನಿನ್ನ ಮಂಗಳ ಐದನೇ ಮನ್ಯಾಗ ಇಲ್ಲ. ಎಂಟನೇ...”

“ಸಣ್ಣಗ ಮಾತಾಡ್ರಿ!” ಅವಳು ಕೊಡ ಇಳಿಸಿ ಅವನನ್ನು ಗೋಡೆಯ ಮರೆಗೆ ಕರೆದಳು. “ನಂಗ ಗೊತ್ತದ.”

“ಗೊತ್ತದ?”

“ಔರಾದದಾಗ ತಗಸಿದ್ದೆ. ಎಂಟನೇ ಮನಿ. ಭಾಲ್ಕಿದಾಗ ತಗಸಿದ್ದೆ. ಅಲ್ಲೂ ಎಂಟನೇ ಮನಿ. ನಿಮ್ಮಲ್ಲಿ ಐದು ಬಂತು. ಮೂರರಾಗ ಛಲೋದು ಆರಿಸಿಕೊಂಡೆ. ಬದನಿಕಾಯಿ ತಗೊಳ್ಳೂ ಮುಂದ ಆರಸಂಗಿಲ್ಲೇನ್ರಿ, ಹಂಗ.”

ಗೋರಖನಾಥ ಗೋಡೆಗೆ ಆನಿಕೊಂಡ. “ಪಂಢರಿಗಿ?”

“ಅವಗೂ ಗೊತ್ತದ. ಬೀದರದಾಗ ಒಂದು ಸಲ ನೋಡು ಅಂತ ಅವನೇ ಹೇಳಿದ್ದ. ಅವರವ್ವಗ ಅಷ್ಟ ಗೊತ್ತಿಲ್ಲ. ಅವರು ಮಂಗಳ ಅಂದ್ರ ಗಡಗಡ ನಡಗ್ತಾರ. ಕಾಕಾ, ನಿಮ್ಮ ಕಾಲು ಬೀಳ್ತೇನಿ. ಲಗ್ನ ಆಗೂತನ ಆ ಮಷೀನ್ ರಿಪೇರಿ ಮಾಡಬ್ಯಾಡ್ರಿ.”

“ಮಾಡಿಬಿಟ್ಟೀನಲ್ಲವ್ವ.”

ಅವಳು ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು. “ಹೋಗ್ಲಿ ಬಿಡ್ರಿ. ಕಾಗದ ಜೋಶಿಯವರ ಕಡಿ ಹೋಗ್ಯಾದ. ಇನ್ನ ಯಾರು ಕೇಳ್ತಾರ?”

ಕೇಳಲು ಬಂದವರು ಸ್ವತಃ ಪಂಢರಿಯ ತಾಯಿ ಭಾಗೀರಥಿಬಾಯಿ. ಕೆಲವೇ ದಿನಗಳಲ್ಲಿ, ಬೆಳಗಿನ ಬಸ್ಸಿಗೆ ಭಾಲ್ಕಿಯಿಂದ ಬಂದು, ಅಂಗಡಿಯ ಸ್ಟೂಲಿನ ಮೇಲೆ ಸೆರಗು ಹೊದ್ದು ಕುಳಿತರು. ಗೋರಖನಾಥನಿಗೆ ಅವರ ಪರಿಚಯ ಆಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕಂಪ್ಯೂಟರಿಗೂ ಪ್ರಿಂಟರಿಗೂ ಇದ್ದ ಒಂದೇ ಬ್ಯಾಟರಿ ಕಿಂಯ್ ಕಿಂಯ್ ಎಂದು ಕೂಗತೊಡಗಿತು.

“ನಮ್ಮ ಜೋಶಿಯವರು ಮಗನ ಕಡಿ ಪುಣಾಕ್ಕ ಹೋಗಿಬಿಟ್ಟಾರ್ರಿ,” ಎಂದರು. “ಊರಾಗ ಮಂದಿನೇ ಇಲ್ಲ, ಯಾರ ಕುಂಡಲಿ ನೋಡ್ಲಿ ಅಂತಾರ. ಕಾಗದ ಪತ್ರ ಎಲ್ಲಾ ಗಂಟ ಕಟ್ಟಿಕೊಂಡು ಹೋಗ್ಯಾರ. ಹೊಸ ಜೋಶಿ ಲಗ್ನದ ಮುಹೂರ್ತ ತೆಗೀಬೇಕಂದ್ರ ಹುಡುಗಿ ಕುಂಡಲಿ ಮತ್ತ ಬೇಕಂತಾರ. ಅಂಜನಾಂದು ಇನ್ನೊಂದು ತೆಗೆದು ಕೊಡ್ರಿ. ಮಂಗಳ ಐದರಾಗ ಅದ, ಛಲೋ ಅದ ಅಂದಿದ್ರು ಹಳೇ ಜೋಶಿಯವರು.”

ಲೋಕದ ಇತಿಹಾಸದಲ್ಲಿ, ವಾರವಿಡೀ ಹೋರಾಡಿ ಗೆದ್ದ ಕೋಟೆಯನ್ನು ಕಾಲು ಗಳಿಗೆಯಲ್ಲಿ ತಾನೇ ಕೆಡವಬೇಕಾದ ದೊರೆ ಇವನೊಬ್ಬನೇ ಇರಬೇಕು. ಹುಟ್ಟಿದ ಹೊತ್ತನ್ನೇ ತಿದ್ದಿ ಹಾಕೋಣವೆಂದರೆ ಹೊತ್ತು ಕುಂಡಲಿಯ ತಲೆಯ ಮೇಲೇ ಅಚ್ಚಾಗುತ್ತದೆ. ಗೋರಖನಾಥ ಬೆನ್ನು ತಿರುಗಿಸಿ ಫೋನ್ ಹಚ್ಚಿದ.

“ಅಯ್ಯುಬಭಾಯ್, ಆ ಲಂಡನ್ ವಾಪಸ್ ಹ್ಯಾಂಗ ತರೂದು?”

“ಯಾ ಅಲ್ಲಾ! ತೆಗಿ ತೆಗಿ ಅಂತ ವಾರ ಪೂರಾ ನನ್ನ ತಲಿ ತಿಂದೀರಿ. ಈಗ ವಾಪಸ್ ಬೇಕಾ?”

“ಜೋರಾಗಿ ಮಾತಾಡಬ್ಯಾಡ. ಗಿರಾಕಿ ಕುಂತಾರ.”

“ಗಿರಾಕಿ ಲಂಡನ್‌ದವರಾ?”

“ಭಾಲ್ಕಿದವರು!”

ಅಯ್ಯುಬ ಹೇಳಿದಂತೆ ಗೋರಖನಾಥ ಲಂಡನ್ ಒತ್ತಿದ. ನಕ್ಷತ್ರಮಿತ್ರ ಫಟ್ಟನೆ ಮುಚ್ಚಿಕೊಂಡಿತು. ಮತ್ತೆ ತೆರೆದ, ಅಕ್ಷರಗಳೆಲ್ಲ ಚೌಕವಾದವು. ಮುಚ್ಚಿ ತೆರೆದ, ಅಕ್ಷರ ಬಂದವು, ಮಂಗಳ ಎಂಟರಲ್ಲೇ ಇದ್ದ. ಕೆಟ್ಟಿರು ಎಂದಾಗ ಸರಿಯಾಗಿರುವುದು, ಸರಿಯಾಗು ಎಂದಾಗ ಕೆಡುವುದು, ಇದೇ ಆ ದುಭಾಷಿಯ ಧರ್ಮ. ಬೆವರಿನಿಂದ ಬೆರಳು ಜಾರಿತು. ವಾರಗಟ್ಟಲೆ ಕಾಡಿಸಿದ್ದ ಪ್ರಿಂಟರು, ಆ ಬೆರಳು ಎಲ್ಲಿ ತಗುಲಿತೋ, ಜನ್ಮದಲ್ಲಿ ಮೊದಲ ಸಲ ಒಂದೇ ಉಸಿರಿಗೆ ಕಾಗದ ಉಗುಳಿತು. ಗೋರಖನಾಥ ಹಾರಿದ. ಭಾಗೀರಥಿಬಾಯಿಯ ಕೈ ಅವನಿಗಿಂತ ಮುಂದಿತ್ತು.

ಅವರು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಬೆರಳಿನಿಂದ ಒಂದೊಂದೇ ಮನೆ ಎಣಿಸಿದರು. ಬ್ಯಾಟರಿ ಕಿಂಯ್ ಅನ್ನುತ್ತಲೇ ಇತ್ತು.

“ಇದರಾಗ ಎಂಟರಾಗ ಅದಾನಲ್ರಿ ಮಂಗಳ.”

ಗೋರಖನಾಥ ಸುಳ್ಳು ಹೇಳಲು ಬಾಯಿ ತೆರೆದ. ಅಭ್ಯಾಸವಿಲ್ಲದ್ದಕ್ಕೆ ನಿಜವೇ ಹೊರಬಿತ್ತು. ಲಂಡನ್, ಐದೂವರೆ ತಾಸು, ದುಭಾಷಿ, ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ, ಹುಡುಗಿಯ ಲಗ್ನ ಮುಗಿಯಿತು ಎಂದುಕೊಂಡು ಕೈಕಟ್ಟಿ ನಿಂತ. ಅಂಜನಾ ತನ್ನಲ್ಲಿಗೆ ಬರುವ ಮೊದಲೇ ಬೇರೆಡೆ ಕುಂಡಲಿ ತೆಗೆಸಿದ್ದನ್ನು ಮಾತ್ರ ಹೇಳಲಿಲ್ಲ.

ಭಾಗೀರಥಿಬಾಯಿ ಮನೆಗಳನ್ನು ಮತ್ತೊಮ್ಮೆ ಎಣಿಸಿದರು.

“ಮೊದಲಿನ ಕುಂಡಲಿ ಲಂಡನ್ ಟೈಮಿಂದು. ಇದು ನಮ್ಮ ಬೀದರ ಟೈಮಿಂದೇನು?”

“ಬೀದರದ್ದಲ್ರಿ. ಕೋಲ್ಕತ್ತಾದ್ದು. ಲಿಸ್ಟಿನಾಗ ಬೀದರ ಇಲ್ಲ.”

“ಬೀದರ ಇಲ್ಲ?”

“ಇಲ್ರಿ. ಭಾಲ್ಕಿನೂ ಇಲ್ಲ.”

ಇಡೀ ದೇಶಕ್ಕೆ ಹೊತ್ತು ಒಂದೇ ಎಂದು ಹೇಳಲು ಗೋರಖನಾಥ ಬಾಯಿ ತೆರೆದಿದ್ದ. ಅವರ ಮುಖದಲ್ಲಿ ಏನೋ ಸಡಿಲಾದದ್ದನ್ನು ಕಂಡು, ಬಾಳಿನಲ್ಲಿ ಮೊದಲ ಸಲ, ಬಾಯಿ ಮುಚ್ಚಿಕೊಂಡ.

“ಹಂಗಾದ್ರ ಲಂಡನ್‌ದವರೂ ನಮಗ ಬೀಗರಲ್ಲ, ಕೋಲ್ಕತ್ತಾದವರೂ ಬೀಗರಲ್ಲ,” ಎಂದರು ಅವರು. “ಹೆಣ್ಣು ನೋಡ್ಲಿಕ್ಕೆ ಎಕಂಬಾಕ್ಕ ಹೋಗಿದ್ದೆವ್ರಿ. ಟ್ಯಾಂಕರ್ ಯಾವಾಗೋ ಒಮ್ಮಿ ಬರೋ ಊರದು. ಚೊಂಬಿನ ತಳದಾಗ ಎರಡು ಗುಟುಕು ಕೊಟ್ಟಿದ್ರೂ ನಾ ಏನೂ ಅಂತಿರಲಿಲ್ಲ. ಆ ಹುಡುಗಿ ನನ್ನ ಕಾಲು ತೊಳೀಲಿಕ್ಕೆ ಕೊಡ ತುಂಬ ನೀರು ತಂದಿಟ್ಟಳು. ಅವರವ್ವ ಕಣ್ಣು ಬಿಟ್ಟಳು, ಇಕಿ ನೋಡ್ಲೇ ಇಲ್ಲ. ನನ್ನ ತಂಗೀಗಿ ಮಂಗಳ ಇರಲಿಲ್ಲ, ಗುಣ ಎಲ್ಲಾ ಕೂಡಿದ್ವು. ಗಂಡ ಮುಂಬೈಕ್ಕ ಹೋದಾಂವ ತಿರುಗಿ ಬರಲಿಲ್ಲ. ಮಂಗಳ ಅಂದ್ರ ನಂಗ ಅಂಜಿಕಿ ಅದ, ಇಲ್ಲನಂಗಿಲ್ಲ. ಆದ್ರ ಆ ಕೊಡದ ನೀರು ಯಾವ ಮನ್ಯಾಗ ಬರೀಬೇಕು, ನೀವ ಹೇಳ್ರಿ?”

ಅವರು ಎಂಟನೇ ಮನೆಯ ಕಾಗದವನ್ನು ನಾಲ್ಕಾಗಿ ಹರಿದು, ಚೂರುಗಳನ್ನು ಕೈಚೀಲಕ್ಕೆ ಹಾಕಿಕೊಂಡರು.

“ಜೋಶಿಗಿ ಲಂಡನ್‌ದು ಕೊಡ್ರಿ. ಇದು ನಾ ನೋ‍ಡಿಲ್ಲ. ಮತ್ತ ಒಂದು ಮಾತು, ಆ ಹುಡುಗಿಗಿ ಹೇಳಬ್ಯಾಡ್ರಿ. ಪಾಪ, ಅಂಜ್ತಾಳ. ನನ್ನ ಮಗಗೂ ಹೇಳಬ್ಯಾಡ್ರಿ.”

ಆದರೆ ಲಂಡನ್ ಬರಬೇಕಲ್ಲ? ಬ್ಯಾಟರಿ ಉಳಿಯಲೆಂದು ಕಂಪ್ಯೂಟರ್ ಆರಿಸಿಟ್ಟು ಕಾದರು; ಅಯ್ಯುಬನೇ ಕೊಳಾರದಿಂದ ಗಾಡಿ ಓಡಿಸಿಕೊಂಡು ಬಂದ. ತಾನೇ ಹೊಡೆದ ಮೊಳೆಯನ್ನು ತಾನೇ ಕೀಳುತ್ತ, “ಸರಿ ಮಾಡಿದ್ರ ಒಬ್ಬರೂ ಚಹಾ ಕುಡಿಸಲಿಲ್ಲ, ಕೆಡಸಲಿಕ್ಕೆ ಮಾತ್ರ ಬಾಯಿಯವರು ಭಜ್ಜಿನೂ ತರಿಸ್ಯಾರ,” ಎಂದು ಗೊಣಗಿದ. ಬ್ಯಾಟರಿ ಸಾಯುವುದಕ್ಕೂ ಮಂಗಳ ಐದನೇ ಮನೆಗೆ ಇಳಿಯುವುದಕ್ಕೂ ಕೂದಲೆಳೆಯ ಅಂತರವಿತ್ತು. ಪ್ರಿಂಟರು ಕಾಗದ ಉಗುಳುವ ತನಕ ಮೂವರೂ ಪರದೆಯನ್ನು ಮುಟ್ಟದೆ, ಉಸಿರು ಬಿಗಿಹಿಡಿದು, ಅದನ್ನೇ ಕಾಯುತ್ತ ಕುಳಿತರು. ಕಾಗದ ಬಂತು. ಗಣಪತಿ ಮತ್ತೆ ತಲೆಕೆಳಗಾಗಿದ್ದ. ಭಾಗೀರಥಿಬಾಯಿ ಕಾಗದವನ್ನು ತಿರುಗಿಸಿ ಅವನಿಗೆ ಕೈಮುಗಿದು, ಭಾಲ್ಕಿ ಬಸ್ಸಿಗೆ ನಡೆದರು.

ಲಗ್ನ ಆಯಿತು. ಅತ್ತೆಗೆ ತಿಳಿಯದು ಎಂದು ಸೊಸೆ, ಸೊಸೆಗೆ ತಿಳಿಯದು ಎಂದು ಅತ್ತೆ, ಒಬ್ಬರನ್ನೊಬ್ಬರು ಮುಚ್ಚಟೆಯಿಂದ ಕಾಪಾಡುತ್ತ ನೆಮ್ಮದಿಯಾಗಿದ್ದಾರೆ. ಕಂಪ್ಯೂಟರಿಗೆ ಕೋಲ್ಕತ್ತಾ ಮರಳಿದೆ. ಆ ಎಂಟನೇ ಮನೆಯ ಮಂಗಳನಿಗೆ ಬೀದರ, ಭಾಲ್ಕಿ, ಔರಾದ ಮೂರೂ ತಾಲೂಕಿನಲ್ಲಿ ಈಗ ಅಂಜುವವನು ಒಬ್ಬನೇ ಉಳಿದಿದ್ದಾನೆ; ಅವನಿಗೆ ಕುಂಡಲಿಯಲ್ಲಿ ನಂಬಿಕೆಯಿಲ್ಲ. ಪಂಢರಿ ಕೆಮ್ಮಿದರೆ ಸಾಕು, ಗೋರಖನಾಥ ಡಾಕ್ಟರ ಹೆಸರು ಹೇಳುತ್ತಾನೆ.

ಮೊನ್ನೆ ಪಂಢರಿ ಟೆಂಪೋದ ಕಾಗದ ಝೆರಾಕ್ಸ್ ಮಾಡಿಸಲು ತಡವಾಗಿ ಬಂದ.

“ದಾರ್ಯಾಗ ಟೈರ್ ಪಂಕ್ಚರ್ ಆಯ್ತ್ರಿ ಕಾಕಾ. ಅಯ್ಯ, ನೀವ್ಯಾಕ ಬೆವರ್ಲತ್ತೀರಿ?”

“ನಿಂದು ಎಂಟು ಗಾಲಿ ಗಾಡಿ ಏನೋ?”

“ಇಲ್ರಿ, ನಾಲ್ಕು.”

“ಹಂಗಾದ್ರ ಚಿಂತಿಲ್ಲ,” ಎಂದ ಗೋರಖನಾಥ, ಮುಖ ಒರೆಸಿಕೊಂಡು. “ಆದ್ರೂ ಮನಿ ಮುಟ್ಟಿದ ಮ್ಯಾಲ ಒಂದು ಫೋನ್ ಮಾಡಪ್ಪ.”